ಮಡಚು ಚಾಕು: ಗದಗ ಸೀಮೆಯಲ್ಲಿ ಅದರ ಬಳಕೆ, ಬಗೆ ಮತ್ತು ಆಯ್ಕೆ

ಅಲಗು ಹಿಡಿಕೆಯೊಳಗೆ ಮಡಚಿಕೊಂಡು ಕಿಸೆಯಲ್ಲಿ ಕೂರುವ ಸಣ್ಣ ಚಾಕುವಿಗೆ ಮಡಚು ಚಾಕು ಎನ್ನುತ್ತಾರೆ. ಇದಕ್ಕೆ ಒರೆ ಬೇಕಿಲ್ಲ, ಹಿಡಿಕೆಯೇ ಒರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಕೊಯ್ಯುವ ಹತ್ಯಾರಗಳಿಗೆ ಬರವಿಲ್ಲ. ಅಡುಗೆಮನೆಗೆ ಈಳಿಗೆ, ಹೊಲಕ್ಕೆ ಕುಡಗೋಲು, ಕಟ್ಟಿಗೆಗೆ ಕೊಡಲಿ, ಅಡಿಕೆಗೆ ಅಡಕೊತ್ತು. ಒಂದೊಂದೂ ಒಂದೊಂದು ಕೆಲಸಕ್ಕೆ ಮೀಸಲು. ಕಿಸೆಯ ಚಾಕು ಮಾತ್ರ ಯಾವುದಕ್ಕೂ ಮೀಸಲಲ್ಲ. ಉಳಿದವೆಲ್ಲ ಮನೆಯಲ್ಲೋ ಹೊಲದ ಗುಡಿಸಲಲ್ಲೋ ಬಿದ್ದಿರುವಾಗ ಕೈಗೆ ಸಿಗುವುದು ಅದೊಂದೇ. ಇಷ್ಟಾಗಿಯೂ ಕೊಳ್ಳುವವರು ಕುಡಗೋಲಿಗೆ ಕೊಡುವ ಗಮನವನ್ನು ಇದಕ್ಕೆ ಕೊಡುವುದಿಲ್ಲ. ಕುಡಗೋಲನ್ನು ಕಮ್ಮಾರನ ಮುಂದೆ ಬಾಗಿಸಿ, ಬಡಿದು, ಹದ ಕೇಳಿ ಕೊಳ್ಳುವ ರೈತ ಚಾಕುವನ್ನು ಜಾತ್ರೆಯಲ್ಲಿ ಹೊಳಪು ನೋಡಿ ಕೊಳ್ಳುತ್ತಾನೆ. ಕಡಿಮೆ ಬೆಲೆಗೆ ಒಳ್ಳೆಯ ಮಡಚು ಚಾಕು ಸಿಗುವುದಿಲ್ಲ ಎಂಬ ದೂರಿನ ಬೇರು ಬಹಳ ಸಲ ಇಲ್ಲಿದೆ.

ಬಳಕೆ

ಗದಗ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ಎರೆ ಮತ್ತು ಮಸಾರಿ ಮಣ್ಣಿನ, ಮಳೆಯನ್ನೇ ನಂಬಿದ ಬೇಸಾಯ ಇಲ್ಲಿಯದು. ಹೆಸರು, ಶೇಂಗಾ, ಉಳ್ಳಾಗಡ್ಡಿ, ಹತ್ತಿ, ಒಣ ಮೆಣಸಿನಕಾಯಿ, ಗೋವಿನಜೋಳ ಮುಖ್ಯ ಬೆಳೆಗಳು. ಇವುಗಳಲ್ಲಿ ಬಹುಪಾಲು ಚೀಲ ತುಂಬಿ, ಬಾಯಿ ಹೊಲಿಸಿಕೊಂಡು ಗದುಗಿನ ಎಪಿಎಂಸಿ ಪ್ರಾಂಗಣಕ್ಕೋ ಲಕ್ಷ್ಮೇಶ್ವರದ ಮಾರುಕಟ್ಟೆಗೋ ಬರುತ್ತವೆ. ಹೊಲಿಯಲು ದಬ್ಬಣ ಇದೆ, ಎತ್ತಲು ಕೊಕ್ಕೆ ಇದೆ. ಹೊಲಿದ ಸುತಳಿಯನ್ನು ಕೊಯ್ಯಲು ಬೇಕಾಗುವುದೇ ಚಾಕು. ಮಾಲು ನೋಡಲು ಚೀಲದ ಬಾಯಿ ಬಿಚ್ಚುವ ದಲಾಲರ ಕಡೆಯವರು, ಲಾರಿಯ ಮೇಲೆ ತಾಡಪತ್ರಿ ಬಿಗಿಯುವ ಕ್ಲೀನರು, ಹಗ್ಗದ ಗಂಟು ಬಿಚ್ಚಲಾರದೆ ಕೊಯ್ದೇಬಿಡುವ ಹಮಾಲರು, ಎಲ್ಲರ ಕಿಸೆಯಲ್ಲೂ ಇದರ ಒಂದು ರೂಪ ಇರುತ್ತದೆ. ಗೋಣಿಯ ನಾರಿನಲ್ಲಿ ಎರೆ ಮಣ್ಣಿನ ಧೂಳು ಸೇರಿಕೊಂಡಿರುವುದರಿಂದ ಅದು ಅಲಗನ್ನು ಉಜ್ಜುಕಾಗದದ ಹಾಗೆ ಸವೆಸುತ್ತದೆ. ಹಣ್ಣು ಕೊಯ್ಯುವವನ ಚಾಕು ತಿಂಗಳುಗಟ್ಟಲೆ ಹರಿತ ಉಳಿದರೆ, ಮಾರುಕಟ್ಟೆಯವನ ಚಾಕು ವಾರದಲ್ಲಿ ಮೊಂಡಾಗುವುದು ಇದರಿಂದಲೇ. ಇಲ್ಲಿಯ ಆಯ್ಕೆಯಲ್ಲಿ ಮಸೆಯುವ ಸುಲಭಕ್ಕೆ ಮೊದಲ ಸ್ಥಾನ ಕೊಡಬೇಕಾದ ಕಾರಣವೂ ಇದೇ.

ಹೊಲದಲ್ಲಿ ಈಗ ಹಳೆಯ ಕೆಲಸಗಳ ಜೊತೆ ಹೊಸವು ಸೇರಿವೆ. ಹನಿ ನೀರಾವರಿಯ ಕಪ್ಪು ಪೈಪು ಕೊಯ್ದು ಜೋಡಿಸುವುದು, ಪಂಪಿನ ವೈರಿನ ಮೇಲಿನ ರಬ್ಬರು ಸುಲಿಯುವುದು, ಗೊಬ್ಬರದ ಚೀಲ ಹರಿಯುವುದು, ಔಷಧಿ ಪಾಕೀಟಿನ ಮೂಲೆ ಕತ್ತರಿಸುವುದು. ಈ ಕೊನೆಯದನ್ನು ಕುರಿತು ಒಂದು ಮಾತು ಹೇಳಲೇಬೇಕು: ಕೀಟನಾಶಕದ ಪಾಕೀಟು ಕೊಯ್ದ ಅಲಗಿನಿಂದಲೇ ಮಧ್ಯಾಹ್ನ ಸವತೆಕಾಯಿ ಹೆಚ್ಚುವ ರೂಢಿ ಹೊಲಗಳಲ್ಲಿ ಕಾಣುತ್ತದೆ. ಬಟ್ಟೆಗೆ ಒರೆಸಿದರೆ ವಿಷ ಹೋಗುವುದಿಲ್ಲ. ಅಲಗು ಹೊಕ್ಕುವ ಸಂದಿಯಲ್ಲಿ ಕೂತದ್ದಂತೂ ಸಾಬೂನು ನೀರಿಗೂ ಸುಲಭವಾಗಿ ಬಿಡುವುದಿಲ್ಲ. ಆ ಕೆಲಸಕ್ಕೆ ಬೇರೆ ಬ್ಲೇಡು ಇರಲಿ.

ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ, ಕಪ್ಪತಗುಡ್ಡದ ಬುಡದ ಊರುಗಳಲ್ಲಿ ಕುರಿ ಸಾಕಣೆ ಹೆಚ್ಚು. ಮರಿಗಳಿಗೆ ಸೊಪ್ಪು ಇಳಿಸಲು ದೋಟಿಗೆ ಕಟ್ಟಿದ ಕುಡಗೋಲು, ಉಣ್ಣೆಗೆ ಕತ್ತರಿ. ಬೆಳೆದ ಗೊರಸು ಸವರಲು, ಹಗ್ಗ ಕೊಯ್ಯಲು, ಕೋಲು ಕೆತ್ತಲು ಕಿಸೆಯ ಚಾಕು. ತೋಟಗಾರಿಕೆಯವರು ಬಳಸುವ ಕಸಿ ಚಾಕುವೂ ಮಡಚುವಂಥದೇ. ಅದರ ಅಲಗನ್ನು ಒಂದೇ ಮಗ್ಗುಲಿಗೆ ಇಳಿಜಾರಾಗಿ ಮಸೆದಿರುತ್ತಾರೆ. ಮಾವು, ಪೇರಲ ಕಸಿಯಲ್ಲಿ ಕೊಯ್ತ ಚಪ್ಪಟೆಯಾಗಿ ಬರಲು ಇದು ಬೇಕು. ಲುಧಿಯಾನದ ಫಾಲ್ಕನ್ ಮೊದಲಾದ ದೇಶೀಯ ಕಂಪನಿಗಳ ಕಸಿ ಚಾಕುಗಳು ಕೃಷಿ ಉಪಕರಣದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಅವನ್ನು ದಿನಬಳಕೆಗೂ ಇಟ್ಟುಕೊಳ್ಳುವವರಿದ್ದಾರೆ. ಆದರೆ ಸುತಳಿ ಕೊಯ್ದ ಕಸಿ ಚಾಕು ಮತ್ತೆ ಕಸಿಗೆ ಬರುವುದಿಲ್ಲ: ಅಂಚು ಹಲ್ಲುಬಿದ್ದು ಗಿಡದ ತೊಗಟೆ ಹರಿಯುತ್ತದೆ, ಕಸಿ ಹಿಡಿಯುವುದಿಲ್ಲ.

ಪೇಟೆಯ ಲೆಕ್ಕ ಬೇರೆ. ಗದಗ ಮುದ್ರಣಕ್ಕೂ ಪುಸ್ತಕ ಪ್ರಕಟಣೆಗೂ ಹೆಸರಾದ ಊರು, ಬೆಟಗೇರಿ ನೇಕಾರಿಕೆಗೆ. ಕಾಗದದ ರೀಮು, ರಟ್ಟಿನ ಪೆಟ್ಟಿಗೆ ಬಿಚ್ಚುವವರಿಗೆ ಮಡಚು ಚಾಕುವಿಗಿಂತ ತುಂಡು ತುಂಡಾಗಿ ಮುರಿಯುವ ಬ್ಲೇಡಿನ ಪೇಪರ್ ಕಟರ್ ಸರಿ. ಮುರಿದರೆ ಹೊಸ ಅಂಚು, ಮಸೆಯುವ ತಂಟೆ ಇಲ್ಲ. ಇದನ್ನು 1956ರಲ್ಲಿ ರೂಪಿಸಿದವರು ಜಪಾನಿನ ಒಸಾಕಾದ ಯೋಶಿಯೊ ಒಕಾಡಾ; ಅವರು ಕಟ್ಟಿದ ಸಂಸ್ಥೆಯೇ ಓಲ್ಫಾ. ರಟ್ಟು, ಕಾಗದ, ಪ್ಲಾಸ್ಟಿಕ್ ಪಟ್ಟಿ ಬಿಟ್ಟರೆ ಬೇರೇನೂ ಕೊಯ್ಯದವರು ಕಟರ್ ಕೊಂಡರೆ ಸಾಕು, ಈ ಲೇಖನದ ಉಳಿದ ಭಾಗ ಅವರಿಗೆ ಬೇಕಿಲ್ಲ. ಹಾಗೆ ನೋಡಿದರೆ ಈ ಭಾಗದಲ್ಲಿ ಅತಿ ಹೆಚ್ಚು ಜನ ಹೊತ್ತು ತಿರುಗುವ ಮಡಚು ಚಾಕು ಕೀಲಿಕೈಗೊಂಚಲಿನ ನೇಲ್ ಕಟರ್‌ನಲ್ಲಿ ಅಡಗಿರುವ ಎರಡು ಇಂಚಿನ ಅಲಗೇ ಇರಬೇಕು. ಅದು ಹಣ್ಣಿಗೆ ಸಾಕು, ಹಗ್ಗಕ್ಕೆ ಸಾಲದು.

ಹಿನ್ನೆಲೆ

ಮಡಚುವ ಅಲಗು ಹೊಸದೇನಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿರುವ ಒಂದು ಚಾಕು ಕ್ರಿ.ಪೂ. 6ನೇ ಶತಮಾನದ ಸುಮಾರಿನದು; ರೋಮನ್ನರಲ್ಲೂ ಇಂಥವು ಇದ್ದವು. ಬೆನ್ನಿಗೆ ಉಕ್ಕಿನ ಪಟ್ಟಿ ಕೂರಿಸಿ ಅಲಗನ್ನು ಬಿಗಿಹಿಡಿಯುವ ಈಗಿನ ಮಾದರಿಯನ್ನು ಅಗ್ಗದ ಸರಕಾಗಿ ಜಗತ್ತಿಗೆಲ್ಲ ಹಂಚಿದ್ದು ಇಂಗ್ಲೆಂಡಿನ ಶೆಫೀಲ್ಡ್. ಬ್ರಿಟಿಷರ ಕಾಲದಲ್ಲಿ ಜೋಸೆಫ್ ರಾಜರ್ಸ್ ಕಂಪನಿಯ ಚಾಕು ಭಾರತದ ಪೇಟೆಗಳಲ್ಲಿ ದೊಡ್ಡ ಹೆಸರು. 1884ರಲ್ಲಿ ಕಾರ್ಲ್ ಎಲ್ಸನರ್ ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ ಕಾರ್ಯಾಗಾರ ತೆರೆದರು. 1891ರಿಂದ ಅಲ್ಲಿಯ ಸೈನಿಕರಿಗೆ ಚಾಕು ಒದಗಿಸಿದ ಆ ಸಂಸ್ಥೆಯೇ ಇಂದಿನ ವಿಕ್ಟೋರಿನಾಕ್ಸ್. ಫ್ರಾನ್ಸಿನ ಸವಾಯ್ ಗುಡ್ಡಗಾಡಿನ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಕೆಯ ರೈತರ ಚಾಕು ಮಾಡಿದರು, ಅದು ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ.

ನಮ್ಮಲ್ಲಿ ಮಡಚು ಚಾಕು ಎಂದೊಡನೆ ನೆನಪಾಗುವುದು ಉತ್ತರ ಪ್ರದೇಶದ ರಾಂಪುರ. ರಾಂಪುರಿಯ ಖ್ಯಾತಿಗೆ ಅಲ್ಲಿಯ ಕುಶಲಕರ್ಮಿಗಳಷ್ಟೇ ಹಿಂದಿ ಸಿನಿಮಾದ ಖಳರೂ ಕಾರಣ. ಉದ್ದ ಅಲಗು, ಹಲ್ಲುಹಲ್ಲಾಗಿ ಕಟಕಟ ಸದ್ದು ಮಾಡುತ್ತ ತೆರೆದುಕೊಳ್ಳುವ ಕೀಲು; ದಿನಬಳಕೆಗೆ ಅದು ಬೇಕಾದದ್ದೂ ಅಲ್ಲ, ಅದಕ್ಕೆಂದು ಮಾಡಿದ್ದೂ ಅಲ್ಲ. 1990ರ ದಶಕದಲ್ಲಿ ಉತ್ತರ ಪ್ರದೇಶ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ತಡೆ ಹಾಕಿದ ಮೇಲೆ ಕಸುಬು ಕುಗ್ಗಿತು. 2023ರಲ್ಲಿ ರಾಂಪುರದ ವೃತ್ತವೊಂದರಲ್ಲಿ ಸುಮಾರು 20 ಅಡಿಯ ಚಾಕುವಿನ ಮಾದರಿ ನಿಲ್ಲಿಸಿದ್ದಾರೆ. ಗದಗ ಸೀಮೆಯ ಜಾತ್ರೆಗಳಲ್ಲಿ 'ರಾಂಪುರಿ' ಎಂದು ಮಾರುವುದಕ್ಕೂ ರಾಂಪುರಕ್ಕೂ ಸಂಬಂಧ ಇದ್ದೇ ಇದೆ ಎಂದು ನಂಬಬೇಕಿಲ್ಲ.

ಸ್ಥಳೀಯ ಕುಲುಮೆಗಳು ಮಡಚು ಚಾಕು ಮಾಡುವುದು ವಿರಳ. ಊರ ಕಮ್ಮಾರರ ಮತ್ತು ಬಂಡಿ ಹೂಡಿಕೊಂಡು ಊರೂರು ತಿರುಗುವ ಗಿಸಾಡಿಗಳ ಕೈಯಲ್ಲಿ ಕುಡಗೋಲು, ಕುರ್ಚಿಗೆ, ಕೊಡಲಿ, ಕುಂಟೆಯ ಕುಡ ಹದವಾಗಿ ಬರುತ್ತವೆ. ಲಾರಿಯ ಹಳೆಯ ಕಮಾನು ಪಟ್ಟಿಯ ಉಕ್ಕು ಇದಕ್ಕೆಲ್ಲ ಪ್ರಶಸ್ತ. ಮಡಚು ಚಾಕುವಿಗೆ ಬೇಕಾದದ್ದು ಬೇರೆ ಬಗೆಯ ಕೆಲಸ: ಕೂದಲೆಳೆಯಷ್ಟು ಲೆಕ್ಕದ ಜೋಡಣೆ, ತೆಳ್ಳನೆಯ ಸ್ಪ್ರಿಂಗಿಗೆ ಬೇರೆ ಹದ, ಅಲಗಿಗೆ ಬೇರೆ ಹದ. ಬಡಿಯುವ ಕಸುಬಿಗಿಂತ ಉಜ್ಜುವ ಕಸುಬು ಅದು. ಆದರೂ ಮರದ ಹಿಡಿಕೆ ಒಡೆದರೆ, ಮೊಳೆ ಸಡಿಲಾದರೆ ಬಿಗಿ ಮಾಡಿಕೊಡುವ ಕಮ್ಮಾರರು ಸೀಮೆಯ ಊರುಗಳಲ್ಲಿ ಸಿಗುತ್ತಾರೆ.

ಕೀಲು ಮತ್ತು ಬೀಗ

ಚಾಕುವಿನ ಗುಣ ನಿಲ್ಲುವುದು ಕೀಲಿನ ಮೇಲೆ. ಸಾದಾ ಚಾಕುವಿನಲ್ಲಿ ಬೆನ್ನಿನ ಉಕ್ಕಿನ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಒತ್ತಡ ಮೀರಿ ಮಡಚಿದರೆ ಮಡಚುತ್ತದೆ. ಇದರಲ್ಲಿ ಬೀಗವಿಲ್ಲ. ವಿಕ್ಟೋರಿನಾಕ್ಸ್‌ನ ಸಣ್ಣ ಚಾಕುಗಳು, ಜಾತ್ರೆಯ ಚಾಕುಗಳು ಬಹುಪಾಲು ಈ ಜಾತಿಯವು. ಮೊನೆಯಿಂದ ಚುಚ್ಚಲು ಹೋದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳುವ ಅಪಾಯ ಇದೆ. ಎಳನೀರಿಗೆ ತೂತು ಕೊರೆಯಲು ಹೋಗಿ ಬೆರಳು ಕೊಯ್ದುಕೊಂಡವರು ಸಾಮಾನ್ಯವಾಗಿ ಇಂಥ ಚಾಕು ಹಿಡಿದವರೇ.

ಬೀಗದ ಬಗೆಗಳು ಹಲವು. ಒಪಿನೆಲ್‌ನಲ್ಲಿ ಹಿಡಿಕೆಯ ಕೊರಳಿಗೆ ಉಕ್ಕಿನ ಬಳೆ ಇದೆ. ತಿರುಗಿಸಿದರೆ ಅಲಗು ಅಲುಗದು. 1955ರಲ್ಲಿ ಸೇರಿಸಿದ ಈ ಬಳೆಗಿಂತ ಸರಳವಾದ, ಕೆಡದ ಬೀಗ ಅಗ್ಗದ ಚಾಕುಗಳಲ್ಲಿ ಮತ್ತೊಂದಿಲ್ಲ. ಬೆನ್ನಿನ ಮೇಲೆ ಒತ್ತಿ ಬಿಡಿಸುವ ಬೀಗವನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಬಕ್ ಕಂಪನಿಯ 1964ರ ಮಾದರಿ. ಹಿಡಿಕೆಯೊಳಗಿನ ತೆಳು ತಗಡು ಮಗ್ಗುಲಿಗೆ ಸರಿದು ಅಲಗಿಗೆ ಅಡ್ಡ ನಿಲ್ಲುವ ಬಗೆ 1980ರ ದಶಕದಿಂದೀಚೆಗೆ ಹರಡಿತು. ಆನ್‌ಲೈನ್ ಮಳಿಗೆಗಳಲ್ಲಿ ಸಿಗುವ ಚೀನಾದ ಸನ್ರೆನ್ಮು ಮುಂತಾದ ಮಧ್ಯಮ ಬೆಲೆಯ ಚಾಕುಗಳಲ್ಲಿ ಹೆಚ್ಚಾಗಿ ಇರುವುದು ಇದು. ಹೆಸರಿಲ್ಲದ ಅಗ್ಗದ ಚಾಕುವಿನಲ್ಲಿ ಈ ತಗಡು ಎಷ್ಟು ತೆಳುವಾಗಿರುತ್ತದೆ ಎಂದರೆ ಬೀಗ ಇದೆ ಎಂಬ ಧೈರ್ಯವೇ ಬೆರಳಿಗೆ ಕುತ್ತು. ಕೆಟ್ಟ ಬೀಗಕ್ಕಿಂತ ಬೀಗವಿಲ್ಲದ್ದು ಮೇಲು. ಕೊನೆಯ ಪಕ್ಷ ಬಳಸುವವನು ಎಚ್ಚರದಿಂದ ಇರುತ್ತಾನೆ. ಗುಂಡಿ ಒತ್ತಿದರೆ ಚಿಮ್ಮುವ ಬಟನ್ ಚಾಕುವನ್ನು ಈ ಎಣಿಕೆಯಿಂದ ಹೊರಗೇ ಇಡಬೇಕು, ಕಾರಣ ಕಾನೂನಿನ ಭಾಗದಲ್ಲಿದೆ.

ಉಕ್ಕು

ಚಾಕುವಿನ ಉಕ್ಕಿನಲ್ಲಿ ಎರಡು ಕುಲ. ಒಂದು, ಇಂಗಾಲ ಹೆಚ್ಚಿರುವ ಸಾದಾ ಉಕ್ಕು; ಕುಡಗೋಲಿನದು ಈ ಕುಲ. ಒಪಿನೆಲ್‌ನ ಸಾದಾ ಅಲಗಿನಲ್ಲಿ ಇಂಗಾಲ ಶೇ. 0.9ರ ಸುಮಾರು. ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಇನ್ನೊಂದು, ಕ್ರೋಮಿಯಂ ಶೇ. 13ರ ಆಸುಪಾಸು ಇಲ್ಲವೇ ಅದಕ್ಕೂ ಹೆಚ್ಚು ಬೆರೆಸಿದ ಸ್ಟೇನ್‌ಲೆಸ್. ತುಕ್ಕಿಗೆ ಜಗ್ಗದು, ಮಸೆಯಲು ಸ್ವಲ್ಪ ಮೊಂಡು. ಚಾಕುವಿನ ಮೈಮೇಲೆ 420, 440, 8ಸಿಆರ್13 ಎಂದೆಲ್ಲ ಕೊರೆದಿರುವುದು ಈ ಎರಡನೆಯ ಕುಲದ ಒಳಜಾತಿಗಳನ್ನು. ಕೊಳ್ಳುವವರು ಈ ಅಂಕಿಗಳ ಬೆನ್ನು ಹತ್ತುವುದರಲ್ಲಿ ಲಾಭ ಕಡಿಮೆ. ಅದೇ ಉಕ್ಕು ಒಳ್ಳೆಯ ಹದ ಕಂಡರೆ ಕೊಯ್ಯುತ್ತದೆ, ಹದ ತಪ್ಪಿದರೆ ಬಾಗುತ್ತದೆ ಇಲ್ಲವೇ ಹಲ್ಲುಬೀಳುತ್ತದೆ. ಹದವನ್ನು ಯಾರೂ ಮೈಮೇಲೆ ಕೊರೆಯುವುದಿಲ್ಲ.

ಕರಾವಳಿಯವರು, ಮಲೆನಾಡಿನವರು ಸ್ಟೇನ್‌ಲೆಸ್ ಬೇಕು ಎಂದರೆ ಅದಕ್ಕೆ ಅರ್ಥವಿದೆ. ಮಳೆ ಕಡಿಮೆಯ, ಒಣ ಹವೆಯ ಗದಗ ಸೀಮೆಯಲ್ಲಿ ತುಕ್ಕಿನ ಭಯ ಅಷ್ಟಿಲ್ಲ. ಬೆವರು, ಹುಳಿ, ಉಪ್ಪು ಇವಿಷ್ಟೇ ಶತ್ರುಗಳು. ನಿಂಬೆಹಣ್ಣು, ಮಾವಿನಕಾಯಿ, ಉಳ್ಳಾಗಡ್ಡಿ ಕೊಯ್ದ ಸಾದಾ ಉಕ್ಕಿನ ಅಲಗು ಕಪ್ಪು-ನೀಲಿಯಾಗುತ್ತದೆ. ಅದು ಕೆಟ್ಟದ್ದಲ್ಲ, ಆ ಪದರ ಕೆಂಪು ತುಕ್ಕನ್ನು ತುಸು ತಡೆಯುತ್ತದೆ. ಹೊಳಪು ಹೋಯಿತು ಎಂದು ಪಾತ್ರೆ ತಿಕ್ಕುವ ಉಕ್ಕಿನ ಜುಂಗಿನಿಂದ ತಿಕ್ಕುವವರು ದಿನಾ ತಿಕ್ಕುತ್ತಲೇ ಇರಬೇಕಾಗುತ್ತದೆ.

ಅಗ್ಗದ 'ಸ್ಟೇನ್‌ಲೆಸ್' ಚಾಕುವಿಗೆ ಒಂದು ಸುಲಭ ಪರೀಕ್ಷೆ ಇದೆ. ಒಂದು ಅಯಸ್ಕಾಂತದ ತುಂಡು ಅಲಗಿಗೆ ಹಿಡಿಯಿರಿ. ಅಂಟದಿದ್ದರೆ ಅದು ತಾಟು-ಲೋಟ ಮಾಡುವ ಜಾತಿಯ ಸ್ಟೀಲು. ಅದಕ್ಕೆ ಕಾಯಿಸಿ ಹದ ಹಾಕಲು ಬರುವುದಿಲ್ಲ, ಎಷ್ಟು ಮಸೆದರೂ ಅಂಚು ನಿಲ್ಲುವುದಿಲ್ಲ. ಅಂಟಿದ ಮಾತ್ರಕ್ಕೆ ಒಳ್ಳೆಯದೆಂದು ಅರ್ಥವಲ್ಲ. ಅಂಟದ್ದನ್ನು ಮಾತ್ರ ಧೈರ್ಯವಾಗಿ ಬಿಟ್ಟು ಬರಬಹುದು.

ಕೊಳ್ಳುವಾಗ

ಸೀಮೆಯಲ್ಲಿ ಚಾಕು ಸಿಗುವುದು ಮೂರು ಕಡೆ. ವಾರದ ಸಂತೆ ಮತ್ತು ಜಾತ್ರೆಗಳ ಕಬ್ಬಿಣ ಸಾಮಾನಿನ ಸಾಲು. ಶಿರಹಟ್ಟಿಯ ಫಕೀರೇಶ್ವರ, ಮುಂಡರಗಿಯ ಅನ್ನದಾನೀಶ್ವರ, ಗದುಗಿನ ತೋಂಟದಾರ್ಯ ಜಾತ್ರೆಗಳಲ್ಲಿ ಇಂಥ ಅಂಗಡಿಗಳು ಕೂರುತ್ತವೆ. ಎರಡನೆಯದು ಪೇಟೆಯ ಹಾರ್ಡ್‌ವೇರ್ ಮತ್ತು ಕೃಷಿ ಉಪಕರಣದ ಅಂಗಡಿ. ಮೂರನೆಯದು ಆನ್‌ಲೈನ್. ಬೆಲೆ ನೂರಿನ್ನೂರು ರೂಪಾಯಿಯಿಂದ ಶುರುವಾಗುತ್ತದೆ, ಹೆಸರಾಂತ ವಿದೇಶಿ ಕಂಪನಿಗಳ ಸಾದಾ ಮಾದರಿಗಳು ಸಾವಿರ ದಾಟುತ್ತವೆ. ಇಷ್ಟು ದುಡ್ಡು ಚಾಕುವಿಗೆ ಯಾಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಕಳೆದುಕೊಳ್ಳುವ ಅಭ್ಯಾಸ ಇರುವವರು, ಹೊಲದಲ್ಲಿ ಬಿಟ್ಟು ಬರುವವರು ಅಗ್ಗದ್ದನ್ನೇ ಆರಿಸಿ ಕೊಳ್ಳುವುದು ಜಾಣತನ. ಆನ್‌ಲೈನಿನಲ್ಲಿ ಕೈಯಿಂದ ಮುಟ್ಟಿ ನೋಡುವ ಅನುಕೂಲ ಇಲ್ಲ. ಹೆಸರಿಲ್ಲದ ಚಾಕುವನ್ನು ಅಲ್ಲಿ ಕೊಳ್ಳುವುದು ಜೂಜು.

ಅಂಗಡಿಯಲ್ಲಿ ನಿಂತಾಗ ಮೊದಲು ಚಾಕುವನ್ನು ಮಡಚಿಯೇ ನೋಡಬೇಕು. ಹೆಬ್ಬೆರಳನ್ನು ಹಿಡಿಕೆಯ ಸಂದಿಯ ಉದ್ದಕ್ಕೂ ಹಗುರಾಗಿ ಎಳೆಯಿರಿ. ಮೊನೆ ತುಸುವೇ ಮೇಲಕ್ಕೆ ಎದ್ದು ಬೆರಳಿಗೆ ತಾಗಿದರೆ ಅದು ಕಿಸೆಯನ್ನೂ ಹರಿಯುತ್ತದೆ, ಕಿಸೆಗೆ ಕೈ ಹಾಕಿದಾಗ ಬೆರಳನ್ನೂ ಬಿಡುವುದಿಲ್ಲ. ಆಮೇಲೆ ಬೆಳಕಿಗೆ ಹಿಡಿದು ಸಂದಿಯೊಳಗೆ ಇಣುಕಿ: ಅಲಗು ನಡುಮಧ್ಯ ನಿಂತಿರಬೇಕು, ಒಂದು ಮಗ್ಗುಲಿಗೆ ಒರಗಿದ್ದರೆ ಪ್ರತಿ ಸಲ ಮಡಚುವಾಗಲೂ ತಗಡಿಗೆ ಉಜ್ಜಿ ಅಂಚು ಹೋಗುತ್ತದೆ. ಮಡಚಿದ ಚಾಕುವನ್ನು ತಲೆಕೆಳಗು ಮಾಡಿ ಕೊಡವಿದಾಗ ಅಲಗು ತಾನಾಗಿ ಹೊರಬಂದರೆ ಅದನ್ನು ಕೆಳಗಿಟ್ಟು ಮತ್ತೊಂದು ಕೇಳಿ. ಕಿಸೆಯಲ್ಲಿ ತೆರೆದುಕೊಳ್ಳುವ ಚಾಕುವಿಗಿಂತ ಅಪಾಯದ್ದು ಇಲ್ಲ.

ಈಗ ತೆರೆಯಿರಿ. ಉಗುರು ತೂರಿಸುವ ಗೀರು ಆಳವಾಗಿದೆಯೇ, ಒದ್ದೆ ಕೈಯಲ್ಲೂ ತೆರೆಯಲು ಬಂದೀತೇ ನೋಡಿ. ಒಳ್ಳೆಯ ಸ್ಪ್ರಿಂಗು ಕೊನೆಯ ಅರ್ಧ ಇಂಚಿನಲ್ಲಿ ಅಲಗನ್ನು ತಾನೇ ಎಳೆದುಕೊಂಡು 'ಟಕ್' ಎಂದು ಕೂರಿಸುತ್ತದೆ. ಸದ್ದು ಮೆತ್ತಗಿದ್ದರೆ ಪಟ್ಟಿ ಮೆತ್ತಗಿದೆ. ಹಿಡಿಕೆಯನ್ನು ಒಂದು ಕೈಯಲ್ಲಿ ಬಿಗಿಹಿಡಿದು ಅಲಗಿನ ಬೆನ್ನನ್ನು ಇನ್ನೊಂದು ಕೈಯ ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿ. ಲಡಲಡ ಎಂದರೆ, ಕೀಲಿನಲ್ಲಿ ಸ್ಕ್ರೂ ಇದೆಯೋ ಬರೀ ಮೊಳೆ ಬಡಿದಿದೆಯೋ ನೋಡಬೇಕು. ಸ್ಕ್ರೂ ಇದ್ದರೆ ಬಿಗಿ ಮಾಡಬಹುದು. ಮೊಳೆಯಾದರೆ ಇಂದು ಅಲುಗುವುದು ದೀಪಾವಳಿಯ ಹೊತ್ತಿಗೆ ಕಳಚುತ್ತದೆ. ಬೀಗ ಇರುವುದಾದರೆ ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಕಟ್ಟಿಗೆಯ ಮೇಲೆ ಒತ್ತಿ ನೋಡಿ. ಬಿಟ್ಟುಕೊಟ್ಟರೆ ಆ ಬೀಗ ಅಲಂಕಾರಕ್ಕೆ. ಅಂಗಡಿಯವರು ಬೇಸರ ಮಾಡಿಕೊಂಡರೂ ಇಷ್ಟು ನೋಡಲು ಎರಡು ನಿಮಿಷ ಸಾಕು. ಒಂದೇ ಡಬ್ಬಿಯ ಹತ್ತು ಚಾಕುಗಳಲ್ಲಿ ಒಂದಕ್ಕೊಂದು ಎಷ್ಟು ವ್ಯತ್ಯಾಸ ಎಂಬುದು ಆಗ ತಿಳಿಯುತ್ತದೆ. ಅಗ್ಗದ ಚಾಕು ಕೊಳ್ಳುವುದರ ಗುಟ್ಟು ಕಂಪನಿ ಆರಿಸುವುದಲ್ಲ, ಡಬ್ಬಿಯೊಳಗೆ ಆರಿಸುವುದು.

ಅಳತೆಗೆ ಅಂಗೈಯೇ ಕೋಲು. ನಾಲ್ಕು ಬೆರಳಿನ ಅಗಲಕ್ಕಿಂತ, ಎಂದರೆ ಸುಮಾರು 3 ಇಂಚಿಗಿಂತ ಉದ್ದದ ಅಲಗು ದಿನದ ಕೆಲಸಕ್ಕೆ ಬೇಕಿಲ್ಲ. ಹಿಡಿಕೆ ಮಾತ್ರ ಅಂಗೈ ತುಂಬಬೇಕು. ಸಣ್ಣ ಹಿಡಿಕೆಯಿಂದ ಗಟ್ಟಿ ಹಗ್ಗ ಕೊಯ್ಯುವಾಗ ಕೈ ಜಾರುತ್ತದೆ. ಮರದ ಹಿಡಿಕೆ ಬೆವರಿನಲ್ಲೂ ಹಿಡಿತ ಕೊಡುತ್ತದೆ, ಆದರೆ ಮಳೆಯಲ್ಲಿ ನೆನೆದರೆ ಉಬ್ಬಿ ಕೀಲು ಬಿಗಿಯುತ್ತದೆ. ನಯವಾದ ಸ್ಟೀಲು ಹಿಡಿಕೆ ನೋಡಲು ಚೆಂದ, ಶೇಂಗಾ ಎಣ್ಣೆ ಹತ್ತಿದ ಕೈಗೆ ಕೆಟ್ಟದ್ದು. ಹಲ್ಲಿನ ಅಲಗು ಹಗ್ಗಕ್ಕೆ ಒಳ್ಳೆಯದಾದರೂ ಸಾಣೆಗೆ ಬಗ್ಗದು. ಅರ್ಧ ಹಲ್ಲು ಅರ್ಧ ನೇರ ಇರುವುದಂತೂ ಎರಡಕ್ಕೂ ಸಲ್ಲದ್ದು. ಕಂಪಾಸು, ಸೀಟಿ, ಬೆಂಕಿಕಲ್ಲು ಸೇರಿಸಿ ಮಾರುವ ಚಾಕುಗಳಲ್ಲಿ ದುಡ್ಡು ಅಲಗಿಗೆ ಹೋಗಿರುವುದಿಲ್ಲ.

ಸಾಣೆ ಮತ್ತು ಆರೈಕೆ

ಸೈಕಲ್ಲಿನ ಹಿಂದೆ ಚಕ್ರ ಕಟ್ಟಿಕೊಂಡು, ಪೆಡಲು ತುಳಿಯುತ್ತ ಸಾಣೆ ಹಿಡಿಯುವವರು ಊರುಗಳಿಗೆ ಈಗಲೂ ಬರುತ್ತಾರೆ. ಈಳಿಗೆ, ಕತ್ತರಿ ಅವರ ಕೈಗೆ ಕೊಡಬಹುದು. ತೆಳು ಅಲಗಿನ ಮಡಚು ಚಾಕುವನ್ನು ಮಾತ್ರ ಕೊಡಬಾರದು: ವೇಗವಾಗಿ ತಿರುಗುವ ಕಲ್ಲಿನ ಕಾವಿಗೆ ಅಂಚಿನ ಹದ ಹಾರುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಷ್ಟು ಉಕ್ಕು ಸತ್ತಿತೆಂದೇ ಲೆಕ್ಕ.

ಮನೆಯಲ್ಲಿ ಮಸೆಯಲು ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಲ್ಲು ಸಾಕು, ಒಂದು ಕಡೆ ಒರಟು, ಇನ್ನೊಂದು ಕಡೆ ನಯ. ಕಲ್ಲನ್ನು ನೀರಲ್ಲಿ ನೆನೆಸಿ, ಅಲುಗದಂತೆ ಒದ್ದೆ ಬಟ್ಟೆಯ ಮೇಲೆ ಇಡಿ. ಅಲಗನ್ನು ಕಲ್ಲಿಗೆ 20 ಡಿಗ್ರಿಯಷ್ಟು ಎತ್ತಿ ಹಿಡಿಯಬೇಕು. 90 ಡಿಗ್ರಿಯ ಅರ್ಧ, ಅದರ ಅರ್ಧಕ್ಕಿಂತ ತುಸು ಕಡಿಮೆ ಎಂದು ಅಂದಾಜು ಮಾಡಿಕೊಂಡರಾಯಿತು. ಬುಡದಿಂದ ಮೊನೆಯವರೆಗೆ ಒಂದೇ ಓರೆಯಲ್ಲಿ ಎಳೆಯುತ್ತ ಹೋದರೆ ಇನ್ನೊಂದು ಮಗ್ಗುಲಲ್ಲಿ ಉಕ್ಕಿನ ಸಣ್ಣ ಎಳೆ ಮಡಚಿ ಬರುತ್ತದೆ. ಕಣ್ಣಿಗೆ ಕಾಣದು, ಹೆಬ್ಬೆರಳನ್ನು ಅಂಚಿನಿಂದ ಹೊರಕ್ಕೆ ಸವರಿದರೆ ಗರಗರ ಎಂದು ತಿಳಿಯುತ್ತದೆ. ಇದು ಉದ್ದಕ್ಕೂ ಬಂದ ಮೇಲೆಯೇ ಮಗ್ಗುಲು ಬದಲಿಸಬೇಕು. ಬಹಳ ಜನ ಸೋಲುವುದು ಇಲ್ಲಿ, ಬರುವ ಮೊದಲೇ ತಿರುವಿ ಹಾಕಿ ಅರ್ಧ ಗಂಟೆ ಮಸೆದರೂ ಮೊಂಡು ಎನ್ನುತ್ತಾರೆ. ಎರಡೂ ಮಗ್ಗುಲು ಮುಗಿಸಿ ನಯದ ಮುಖದಲ್ಲಿ ಹಗುರಾಗಿ ಎಳೆದು, ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಂದಕ್ಕೆ ಎಳೆದರೆ ಆ ಎಳೆ ಉದುರುತ್ತದೆ. ಕಲ್ಲು ಇಲ್ಲದಾಗ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ತಳದ ಹೊಳಪಿಲ್ಲದ ಬಳೆಯ ಮೇಲೆ ಮಸೆದರೂ ಹಣ್ಣು ಕೊಯ್ಯುವಷ್ಟು ಹರಿತ ಬರುತ್ತದೆ.

ಎರೆ ಮಣ್ಣಿನ ಧೂಳು ಕೀಲಿಗೆ ಹೊಕ್ಕರೆ ಅಲಗು ಕರಕರ ಎನ್ನುತ್ತದೆ. ಬಿಸಿನೀರು, ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ಷು. ಚೆನ್ನಾಗಿ ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ. ಶೇಂಗಾ ಎಣ್ಣೆ ಹಾಕುವವರಿದ್ದಾರೆ, ಅದು ಕೆಲವು ವಾರಗಳಲ್ಲಿ ಜಿಗಟಾಗಿ ಮತ್ತಷ್ಟು ಧೂಳು ಹಿಡಿಯುತ್ತದೆ.

ರೂಢಿ, ನಂಬಿಕೆ

ಮಹಾನವಮಿಯ ಖಂಡೆಪೂಜೆಗೆ ಮನೆಯ ಹತ್ಯಾರಗಳೆಲ್ಲ ತೊಳೆದು ಜಗಲಿಗೇರುತ್ತವೆ, ಕಿಸೆಯ ಚಾಕುವೂ ಅವುಗಳ ಪಕ್ಕ ಕೂರುತ್ತದೆ. ನಾಗರಪಂಚಮಿಯ ದಿನ ಕೊಯ್ಯಬಾರದು, ಹೆಚ್ಚಬಾರದು ಎಂಬ ಕಟ್ಟಳೆ ಪಾಲಿಸುವ ಮನೆಗಳು ಇನ್ನೂ ಇವೆ. ಮದುವೆಯಲ್ಲಿ ಅರಿಷಿಣ ಹಚ್ಚಿದ ಮೇಲೆ ಮದುಮಗನ ಕೈಗೆ ಮೊನೆಗೆ ನಿಂಬೆಹಣ್ಣು ಚುಚ್ಚಿದ ಕಟಾರಿ ಕೊಡುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಕಟಾರಿ ಸಿಗದ ಮನೆಗಳಲ್ಲಿ ಅದರ ಜಾಗಕ್ಕೆ ಸಣ್ಣ ಚಾಕುವೂ ಬಂದಿದೆ. ಸಾದಾ ಉಕ್ಕಿನದಾದರೆ ಮದುವೆ ಮುಗಿಯುವ ಹೊತ್ತಿಗೆ ನಿಂಬೆಯ ಹುಳಿಗೆ ಅದರ ಮೊನೆ ಕಪ್ಪಾಗಿರುತ್ತದೆ.

ಕಾನೂನು

ಹತ್ಯಾರ ಇಟ್ಟುಕೊಳ್ಳುವ ಹಕ್ಕಿನ ಜಗಳ ಈ ಸೀಮೆಗೆ ಹೊಸದಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಅದೇ ವರ್ಷ ಹಲಗಲಿಯ ಬೇಡರು ಎದ್ದರು. 1858ರಲ್ಲಿ ಮುಂಡರಗಿ ಭೀಮರಾಯನ ಬಂಡಾಯ ಸಿಡಿದದ್ದು ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಶಸ್ತ್ರಗಳನ್ನು ಸರ್ಕಾರದವರು ವಶಪಡಿಸಿಕೊಂಡ ಮೇಲೆ. ಆ ಕಾಯ್ದೆಯ ವಂಶಜವೇ ಇಂದಿನ 1959ರ ಶಸ್ತ್ರಾಸ್ತ್ರ ಕಾಯ್ದೆ. ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು ಅದು 'ಶಸ್ತ್ರ'ದ ಅರ್ಥದಿಂದ ಹೊರಗಿಟ್ಟಿದೆ. 2016ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಗಳು ಬರುತ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆ ರೂಪಿಸಿದವು ಅಲ್ಲೂ ಹೊರಗೆ. 3 ಇಂಚಿನ ಮಡಚು ಚಾಕು ಈ ಅಳತೆಗಳ ಹತ್ತಿರಕ್ಕೂ ಬರುವುದಿಲ್ಲ.

ಆದರೂ ಇದು ಪೂರ್ತಿ ರಕ್ಷೆಯಲ್ಲ. ದೆಹಲಿಯಲ್ಲಿ 1980ರ ಅಧಿಸೂಚನೆಯ ಪ್ರಕಾರ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟುವ ಬಟನ್ ಚಾಕುಗಳಿಗೆ ತಡೆ ಇದೆ. ಉತ್ತರದ ಕಡೆ ಲಾರಿ ಓಡಿಸುವ ಗದುಗಿನ ಚಾಲಕರು ಇದನ್ನು ತಿಳಿದಿರುವುದು ಒಳ್ಳೆಯದು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯ 35ನೇ ಕಲಮಿನಂತೆ ಗಲಭೆ, ಚುನಾವಣೆ, ಉತ್ಸವದ ಹೊತ್ತಿನಲ್ಲಿ ಚಾಕು-ಚೂರಿ ಹಿಡಿದು ತಿರುಗುವುದನ್ನು ಕೆಲ ದಿನಗಳ ಮಟ್ಟಿಗೆ ನಿಷೇಧಿಸಬಹುದು. ಆಗ ಅಳತೆಯ ಮಾತು ನಡೆಯುವುದಿಲ್ಲ. ಉಳಿದ ದಿನಗಳಲ್ಲೂ ರಾತ್ರಿ ಬಸ್ ನಿಲ್ದಾಣದಲ್ಲಿ ತಪಾಸಣೆಯಾದರೆ, ಸುತಳಿಯ ನಾರು ಅಂಟಿದ ಮರದ ಹಿಡಿಕೆಯ ಚಾಕು ಹಮಾಲಿಯದೆಂದು ತಾನೇ ಹೇಳುತ್ತದೆ; ಕಪ್ಪು ಬಣ್ಣದ, ಚಿಮ್ಮುವ, ತಲೆಬುರುಡೆ ಕೊರೆದ ಚಾಕುವಿಗೆ ವಿವರಣೆ ಕೊಡುವುದು ಕಷ್ಟ. ವಿಮಾನದಲ್ಲಿ ಯಾವ ಅಳತೆಯದೂ ಕೈಚೀಲದಲ್ಲಿ ಇರಕೂಡದು, ಹುಬ್ಬಳ್ಳಿಯಲ್ಲಿ ಹತ್ತುವ ಮುನ್ನ ಒಳಗೆ ಹಾಕುವ ಪೆಟ್ಟಿಗೆಗೆ ಸೇರಿಸಬೇಕು. ಬ್ರಿಟನ್ನಿನಲ್ಲಿ ಓದುವ ಮಕ್ಕಳಿಗೆ ಕಳಿಸುವುದಾದರೆ ನೆನಪಿರಲಿ, ಅಲ್ಲಿ ಕಾರಣ ಹೇಳದೆ ಹೊತ್ತು ತಿರುಗಬಹುದಾದದ್ದು ಬೀಗವಿಲ್ಲದ, 3 ಇಂಚು ಮೀರದ ಮಡಚು ಚಾಕು ಮಾತ್ರ.

ಮನೆಯ ಹತ್ತಿರದ ಒಂದು ನಿಯಮ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. 2019ರಲ್ಲಿ ಕಪ್ಪತಗುಡ್ಡದ ಸುಮಾರು 244 ಚದರ ಕಿ.ಮೀ. ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನಂತೆ ಲಿಖಿತ ಅನುಮತಿ ಇಲ್ಲದೆ ಧಾಮದೊಳಗೆ ಆಯುಧ ಒಯ್ಯುವಂತಿಲ್ಲ, ಅದೇ ಕಾಯ್ದೆ ಆಯುಧಗಳ ಅರ್ಥದಲ್ಲಿ ಚಾಕುವನ್ನೂ ಹೆಸರಿಸಿದೆ, ಉದ್ದದ ಮಿತಿ ಹೇಳದೆ. ಗುಡ್ಡ ಹತ್ತುವ ದಿನ ಚಾಕುವನ್ನು ಮನೆಯಲ್ಲೇ ಬಿಟ್ಟು, ಹಣ್ಣನ್ನು ಹೆಚ್ಚಿಕೊಂಡೇ ಹೋಗಿ.